ಲ್ಯಾಬ್‌ನಲ್ಲಿ ತೆರೆಯಿತು, ಸರ್ವರ್‌ನಲ್ಲಿ ಕೈಕೊಟ್ಟಿತು: ಮೊದಲ ವೆಬ್ ಡಿಸೈನ್ ಕೋರ್ಸಿನ ಒಂದು ಪ್ರಕರಣ

ಇಂಟರ್ನಲ್ಸ್‌ನ 25 ಅಂಕಗಳಲ್ಲಿ 9. ಇಬ್ಬರು ಬಿಸಿಎ ವಿದ್ಯಾರ್ಥಿನಿಯರು ಸೇರಿ ಮಾಡಿದ ಇಳಕಲ್ ಸೀರೆಯ ವೆಬ್‌ಸೈಟಿಗೆ ಸಿಕ್ಕಿದ್ದು ಇಷ್ಟೇ. ಲ್ಯಾಬ್‌ನಲ್ಲಿ ಅದೇ ಸೈಟನ್ನು ನೋಡಿ ಅಟೆಂಡರ್‌ನಿಂದ ಹಿಡಿದು ಎಲ್ಲರೂ ಚೆನ್ನಾಗಿದೆ ಎಂದಿದ್ದರು. ಮೌಲ್ಯಮಾಪನದ ದಿನ ಉಪನ್ಯಾಸಕಿ ಕಾಲೇಜಿನ ಸರ್ವರ್‌ನಿಂದ ಅದನ್ನು ತಮ್ಮ ಮೊಬೈಲಿನಲ್ಲಿ ತೆರೆದರು. ಮೊದಲ ಪುಟ ಬರಲೇ ಇಲ್ಲ, ಬರೀ ಫೈಲುಗಳ ಪಟ್ಟಿ ಬಂತು. ಪಟ್ಟಿಯಿಂದ ಆರಿಸಿ ತೆರೆದರೆ ಚಿತ್ರಗಳ ಜಾಗದಲ್ಲಿ ಹರಿದ ಚೌಕಗಳು, ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು. "ನಮ್ಮ ಸಿಸ್ಟಮ್‌ನಾಗ ಬರೋಬ್ಬರಿ ಓಪನ್ ಆಗತಿತ್ರೀ ಮೇಡಂ" ಎಂದು ಹುಡುಗಿಯರು ಹೇಳಿದ್ದು ಸುಳ್ಳಲ್ಲ. ಮೇಡಂ ಕಂಡದ್ದೂ ಸುಳ್ಳಲ್ಲ.

ಈ ತರಗತಿ ಯಾವುದೋ ಒಂದು ಕಾಲೇಜಿನದಲ್ಲ. ಪದವಿ ಕಾಲೇಜುಗಳ ಲ್ಯಾಬ್‌ಗಳಲ್ಲಿ ಮತ್ತೆ ಮತ್ತೆ ಕಾಣಿಸುವ ದೋಷಗಳನ್ನು ಚರ್ಚೆಗೆಂದು ಒಂದೇ ಸಲ್ಲಿಕೆಯೊಳಗೆ ಕೂಡಿಸಿಕೊಂಡಿದ್ದೇವೆ. ದೋಷಗಳು, ಅವುಗಳ ಕಾರಣ, ಸರಿಪಡಿಸುವ ಬಗೆ ಮಾತ್ರ ಇದ್ದದ್ದು ಇದ್ದ ಹಾಗೆ.

ಕೇಳಿದ್ದು ಏನು

ಸೆಮಿಸ್ಟರಿನ ಆರಂಭದಲ್ಲಿ ನೋಟಿಸ್ ಬೋರ್ಡಿಗೆ ಅಂಟಿಸಿದ ಪ್ರಾಜೆಕ್ಟ್ ಸೂಚನೆ ಹೀಗಿತ್ತು: "ಇಬ್ಬಿಬ್ಬರು ಸೇರಿ, ಸ್ಥಳೀಯ ವಿಷಯದ ಮೇಲೆ, ಕನಿಷ್ಠ 5 ಪುಟಗಳ ಆಕರ್ಷಕ ವೆಬ್‌ಸೈಟ್ ತಯಾರಿಸಿ ಸರ್ವರ್‌ಗೆ ಹಾಕುವುದು. ಎಲ್ಲ ಲಿಂಕ್‌ಗಳೂ ಕೆಲಸ ಮಾಡಬೇಕು. ಕಲಿತ ಎಲ್ಲ ಟ್ಯಾಗ್‌ಗಳನ್ನೂ ಬಳಸಬೇಕು." ಅಷ್ಟೇ. ಅಂಕ ಹೇಗೆ ಹಂಚಿಕೆಯಾಗುತ್ತದೆ, ಯಾವ ಯಂತ್ರದಲ್ಲಿ ತೆರೆದು ನೋಡುತ್ತಾರೆ, ಎಷ್ಟು ಹೊತ್ತಿನ ಕೆಲಸ, ಯಾವುದಕ್ಕೂ ಅದರಲ್ಲಿ ಉತ್ತರವಿಲ್ಲ.

ಈ ಸೂಚನೆಯಲ್ಲಿ ತೊಂದರೆ ಕೊಡುವ ಪದಗಳು ಎರಡು. ಒಂದು "ಆಕರ್ಷಕ". ವಿದ್ಯಾರ್ಥಿಗಳಿಗೆ ಇದು ಕೇಳಿಸಿದ್ದು ಬಣ್ಣ, ಚಲನೆ, ದೊಡ್ಡ ಫೋಟೊ ಎಂದು. ಉಪನ್ಯಾಸಕಿಯ ಮನಸ್ಸಿನಲ್ಲಿ ಇದ್ದದ್ದು ಅಚ್ಚುಕಟ್ಟು, ಓದಲು ಸಲೀಸು, ಮೊಬೈಲಿಗೆ ಹೊಂದುವಂಥದ್ದು ಎಂದು. ಇನ್ನೊಂದು "ಎಲ್ಲ ಟ್ಯಾಗ್". ಟ್ಯಾಗ್ ಎಂದರೆ ಪುಟದ ಯಾವ ಭಾಗ ಏನು ಎಂದು ಬ್ರೌಸರಿಗೆ ಹೇಳುವ ಗುರುತು. ಎಲ್ಲ ಟ್ಯಾಗ್ ಬಳಸಿ ಎಂದು ಕೇಳಿದರೆ ಪಠ್ಯವನ್ನು ಓಡಿಸುವ ಮಾರ್ಕ್ಯೂ, ಸೆಂಟರ್, ಫಾಂಟ್ ಟ್ಯಾಗ್‌ಗಳೂ ಬರುತ್ತವೆ. ಯಾಕೆಂದರೆ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಅವೆಲ್ಲ ಇವೆ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಮಾನದಂಡದಲ್ಲಿ ಈ ಮೂರೂ ಬಳಸಬಾರದ ಟ್ಯಾಗ್‌ಗಳ ಪಟ್ಟಿಗೆ ಸೇರಿ ವರ್ಷಗಳೇ ಆಗಿವೆ. ಪುಟದ ನೋಟಕ್ಕೆ ಸಂಬಂಧಿಸಿದ್ದೆಲ್ಲ ಸಿಎಸ್‌ಎಸ್ ಎಂಬ ಬೇರೆ ಭಾಷೆಯ ಕೆಲಸ ಎಂಬುದು 1996ರಲ್ಲಿ ಸಿಎಸ್‌ಎಸ್‌ನ ಮೊದಲ ಆವೃತ್ತಿ ಬಂದಾಗಿನಿಂದ ಇರುವ ತತ್ವ. ಮ್ಯಾನ್ಯುಯಲ್‌ಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಫೈಲುಗಳನ್ನು ಒಂದೊಂದಾಗಿ ಬಿಚ್ಚಿದಾಗ

ಅಂಕದ ತಕರಾರು ವಿಭಾಗದ ಮುಖ್ಯಸ್ಥರ ತನಕ ಹೋಯಿತು. ಅವರು ಅಂಕದ ವಿಚಾರವನ್ನು ಬದಿಗಿಟ್ಟು ಮೊದಲು ಫೋಲ್ಡರ್ ತೆರೆಯಲು ಹೇಳಿದರು. ಅದು ಸರಿಯಾದ ಕ್ರಮ. ಇಂಥ ತಕರಾರಿನಲ್ಲಿ ತೆರೆಯ ಮೇಲೆ ಕಾಣುವ ಪುಟಕ್ಕಿಂತ ಫೋಲ್ಡರ್ ಹೆಚ್ಚು ಸತ್ಯ ಹೇಳುತ್ತದೆ.

ಮೊದಲ ಪುಟದ ಫೈಲಿಗೆ ಇಂಡೆಕ್ಸ್ ಎಂದೇ ಹೆಸರಿಟ್ಟಿದ್ದರು, ಆದರೆ ಮೊದಲ ಅಕ್ಷರ ದೊಡ್ಡಕ್ಷರ. ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಲಿನಕ್ಸ್‌ಗೆ ಅವು ಬೇರೆ ಬೇರೆ ಫೈಲುಗಳು. ಕಾಲೇಜಿನ ಸರ್ವರ್ ಲಿನಕ್ಸಿನದು. ಸೈಟಿನ ವಿಳಾಸ ಒತ್ತಿದರೆ ಅದು ಸಣ್ಣಕ್ಷರದ ಇಂಡೆಕ್ಸ್ ಫೈಲನ್ನು ಹುಡುಕುತ್ತದೆ, ಸಿಗದಿದ್ದರೆ ಫೋಲ್ಡರಿನ ಪಟ್ಟಿ ತೋರಿಸುತ್ತದೆ ಅಥವಾ ಅನುಮತಿ ಇಲ್ಲ ಎನ್ನುತ್ತದೆ. ಸೆರಗಿನ ಫೋಟೊಗಳದ್ದೂ ಇದೇ ಕಥೆ. ಕ್ಯಾಮೆರಾದಿಂದ ಬಂದ ಫೈಲುಗಳ ಕೊನೆಯ ಜೆಪಿಜಿ ದೊಡ್ಡಕ್ಷರದಲ್ಲಿತ್ತು, ಕೋಡಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರು. ಲ್ಯಾಬಿನ ಯಾವ ವಿಂಡೋಸ್ ಸಿಸ್ಟಮ್ಮೂ ಈ ದೋಷವನ್ನು ತೋರಿಸಿಕೊಡುವುದಿಲ್ಲ. ಎಷ್ಟು ಸಲ ಪರೀಕ್ಷಿಸಿದರೂ ಅಷ್ಟೇ.

ಇನ್ನು ಮೂರು ಚಿತ್ರಗಳ ವಿಳಾಸ ಸಿ ಡ್ರೈವಿನಿಂದ ಶುರುವಾಗಿ ಯೂಸರ್ಸ್, ಡೆಸ್ಕ್‌ಟಾಪ್ ಎಂದು ಸಾಗಿತ್ತು. ಚಿತ್ರವನ್ನು ಬ್ರೌಸರಿನಲ್ಲಿ ತೆರೆದು, ಮೇಲಿನ ವಿಳಾಸವನ್ನು ಕಾಪಿ ಮಾಡಿ ಕೋಡಿಗೆ ಅಂಟಿಸಿದರೆ ಹೀಗಾಗುತ್ತದೆ. ಅದು ಆ ಒಂದು ಸಿಸ್ಟಮ್ಮಿನ ಡೆಸ್ಕ್‌ಟಾಪಿನ ವಿಳಾಸ. ಪಕ್ಕದ ಸಿಸ್ಟಮ್ಮಿನಲ್ಲಿ ತೆರೆದಿದ್ದರೂ ಚಿತ್ರ ಬರುತ್ತಿರಲಿಲ್ಲ, ಆದರೆ ಇಬ್ಬರೂ ಸೆಮಿಸ್ಟರ್ ಪೂರ್ತಿ ಒಂದೇ ಸಿಸ್ಟಮ್ಮಿನಲ್ಲಿ ಕೂತಿದ್ದರು. ಇದನ್ನು ಬರೀ ಅಜಾಗರೂಕತೆ ಎಂದು ತಳ್ಳಿಹಾಕುವುದು ಸುಲಭ, ಅನ್ಯಾಯವೂ ಹೌದು. ಮೊಬೈಲಿನಲ್ಲೇ ಬೆಳೆದ ವಿದ್ಯಾರ್ಥಿಗೆ ಫೋಲ್ಡರ್ ಎಂಬುದೇ ಹೊಸ ಸಂಗತಿ. ಗ್ಯಾಲರಿಯಲ್ಲಿ ಫೋಟೊ ಇರುತ್ತದೆ. ಅದು ಯಾವ ಫೋಲ್ಡರಿನೊಳಗಿನ ಯಾವ ಫೋಲ್ಡರಿನಲ್ಲಿದೆ ಎಂದು ಮೊಬೈಲ್ ಯಾವತ್ತೂ ಕೇಳುವುದಿಲ್ಲ. ಹಾಗಾಗಿ "ಈ ಪುಟ ಇರುವ ಜಾಗದಿಂದ ಚಿತ್ರ ಇರುವ ಜಾಗಕ್ಕೆ ಹೋಗುವ ದಾರಿ" ಎಂಬ ಮಾತು ಬೋರ್ಡಿನ ಮೇಲೆ ಬರೆದ ಮಾತ್ರಕ್ಕೆ ತಲೆಗೆ ಹೋಗುವುದಿಲ್ಲ. ಒಂದು ಫೋಲ್ಡರ್ ಮಾಡಿಸಿ, ಅದನ್ನು ಪೆನ್ ಡ್ರೈವಿಗೆ ಹಾಕಿಸಿ, ಬೇರೆ ಸಿಸ್ಟಮ್ಮಿನಲ್ಲಿ ತೆರೆಸಿದರೆ ಹತ್ತು ನಿಮಿಷದಲ್ಲಿ ಹೋಗುತ್ತದೆ.

ಕನ್ನಡದ ಗೊಂದಲ ಇದಕ್ಕಿಂತ ಸ್ವಾರಸ್ಯದ್ದು, ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಐದು ಪುಟಗಳಲ್ಲಿ ಮೂರು ಬಗೆಯ ಕಸ ಕಂಡಿತು, ಮೂರರ ಕಾರಣವೂ ಬೇರೆ.

ಮುಖಪುಟ ಮತ್ತು ನೇಯ್ಗೆಯ ಪುಟದಲ್ಲಿ ತಲೆಯ ಮೇಲೆ ಗೆರೆ ಎಳೆದ ಲ್ಯಾಟಿನ್ "ಎ"ಯಂಥ ಅಕ್ಷರ ಮತ್ತೆ ಮತ್ತೆ, ಮೂರು ಮೂರು ಚಿಹ್ನೆಗಳ ಗುಂಪಿನಲ್ಲಿ ಬಂದಿತ್ತು. ಎಲ್ಲ ಲಿಪಿಗಳನ್ನೂ ಸಂಖ್ಯೆಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಬ್ರೌಸರ್ ಫೈಲನ್ನು ಹಳೆಯ ಪಾಶ್ಚಾತ್ಯ ಸಂಕೇತ ಪದ್ಧತಿಯಲ್ಲಿ ಓದಿದರೆ ಪ್ರತಿ ಬೈಟೂ ಬೇರೆ ಅಕ್ಷರವಾಗಿ ಕಾಣುತ್ತದೆ. ಆದ್ದರಿಂದಲೇ ಒಂದಕ್ಕೆ ಮೂರು. ಫೈಲಿನ ಆರಂಭದ ಹೆಡ್ ಭಾಗದಲ್ಲಿ, ಅಕ್ಷರಗಳು ಯಾವ ಪದ್ಧತಿಯಲ್ಲಿವೆ ಎಂದು ಬ್ರೌಸರಿಗೆ ಹೇಳುವ ಮೆಟಾ ಚಾರ್‌ಸೆಟ್ ಸಾಲು ಇರಲಿಲ್ಲ. ಲ್ಯಾಬಿನಲ್ಲಿ ಯಾಕೆ ಸರಿಯಾಗಿ ಕಂಡಿತು ಅಂದರೆ, ಕಂಪ್ಯೂಟರಿನಲ್ಲೇ ಇರುವ ಫೈಲನ್ನು ತೆರೆದಾಗ ಕ್ರೋಮ್ ತಾನೇ ಊಹಿಸಿ ಯುಟಿಎಫ್-8 ಎಂದು ಗುರುತಿಸುತ್ತದೆ. ಸರ್ವರ್‌ನಿಂದ ಬಂದ ಪುಟಕ್ಕೆ ಆ ಉಪಕಾರ ಮಾಡುವುದಿಲ್ಲ. ಇಲ್ಲಿ ಪಠ್ಯಕ್ಕೆ ಏನೂ ಆಗಿಲ್ಲ. ಚಾರ್‌ಸೆಟ್ ಸಾಲನ್ನು ಹೆಡ್‌ನ ಮೊದಲ ಸಾಲಾಗಿ ಸೇರಿಸಿದರೆ ಮುಗಿಯಿತು. ಅದು ಫೈಲಿನ ಮೊದಲ 1024 ಬೈಟ್‌ಗಳ ಒಳಗೆ ಇರಬೇಕು, ಹಾಗಾಗಿ ಟೈಟಲ್‌ಗಿಂತ ಮೊದಲೇ ಬರೆಯುವುದು ಒಳ್ಳೆಯ ರೂಢಿ.

ಇತಿಹಾಸದ ಪುಟದಲ್ಲಿ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಕರೆನ್ಸಿ ಚಿಹ್ನೆಗಳೆಲ್ಲ ಕಲೆಸಿ ಹೋಗಿದ್ದವು. ಇದು ಡಿಟಿಪಿ ಅಂಗಡಿಯಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿ ತಂದ ಪಠ್ಯ. ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ, ಲ್ಯಾಟಿನ್ ಸಂಕೇತಗಳು. ಅವುಗಳಿಗೆ ಕನ್ನಡದ ಮುಖವಾಡ ತೊಡಿಸುವುದು ಫಾಂಟ್. ಲ್ಯಾಬ್ ಸಿಸ್ಟಮ್ಮಿನಲ್ಲಿ ಆ ಫಾಂಟ್ ಇತ್ತು, ಮೇಡಂ ಮೊಬೈಲಿನಲ್ಲಿ ಇರಲಿಲ್ಲ. ಚಾರ್‌ಸೆಟ್ ಸಾಲು ಸೇರಿಸಿದರೂ ಇದು ಸರಿಹೋಗುವುದಿಲ್ಲ. ಆಸ್ಕಿಯಿಂದ, ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯುನಿಕೋಡಿಗೆ ಬದಲಿಸುವ ಪರಿವರ್ತಕದ ಮೂಲಕ ಹಾಯಿಸಬೇಕು, ಆಮೇಲೆ ಕಣ್ಣಿಟ್ಟು ಓದಬೇಕು. ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ತಪ್ಪು ಉಳಿದುಕೊಳ್ಳುತ್ತದೆ. ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಕಲಸುಮೇಲೋಗರ ಮಾಡುತ್ತದೆ.

ಸಂಪರ್ಕ ಪುಟದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇದು ಕೆಟ್ಟ ಸುದ್ದಿ. ಹಳೆಯ ನೋಟ್‌ಪ್ಯಾಡ್, ಕನ್ನಡಕ್ಕೆ ಜಾಗವಿಲ್ಲದ ಆನ್ಸಿ ಪದ್ಧತಿಯಲ್ಲಿ ಉಳಿಸುವಾಗ ಒಂದು ಎಚ್ಚರಿಕೆ ತೋರಿಸುತ್ತದೆ, ಓಕೆ ಒತ್ತಿದರೆ ಕನ್ನಡವೆಲ್ಲ ಪ್ರಶ್ನಾರ್ಥಕವಾಗಿ ಫೈಲಿನೊಳಗೇ ಕೂರುತ್ತದೆ. ಮರಳಿ ಪಡೆಯುವ ದಾರಿ ಇಲ್ಲ, ಮತ್ತೆ ಟೈಪ್ ಮಾಡಬೇಕು. ವಿಂಡೋಸ್ 10ರ 2019ರ ಆವೃತ್ತಿಯಿಂದ ಈಚೆಗೆ ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8ರಲ್ಲಿ ಉಳಿಸುತ್ತದೆ. ಆದರೆ ಕಾಲೇಜು ಲ್ಯಾಬ್‌ಗಳಲ್ಲಿ ಇನ್ನೂ ವಿಂಡೋಸ್ 7 ಓಡುತ್ತಿರುವುದು ಅಪರೂಪವಲ್ಲ.

(ಖಾಲಿ ಚೌಕಗಳು ಕಂಡರೆ ಅದು ನಾಲ್ಕನೆಯ ಬಗೆ: ಪಠ್ಯ ಸರಿಯಿದೆ, ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ. ಈಗಿನ ಮೊಬೈಲುಗಳಲ್ಲಿ ಇದು ಬಹುಮಟ್ಟಿಗೆ ಮುಗಿದ ಕತೆ.)

ಗ್ಯಾಲರಿ ಪುಟದಲ್ಲಿ 8 ಫೋಟೊ, ಒಂದೊಂದೂ ಸುಮಾರು 4 ಎಂಬಿ, ಅಗಲ 4000 ಪಿಕ್ಸೆಲ್. ಕೋಡಿನಲ್ಲಿ ಅಗಲವನ್ನು 300 ಎಂದು ಕೊಟ್ಟಿದ್ದರಿಂದ ಚಿಕ್ಕದಾಗಿ ಕಾಣುತ್ತಿತ್ತು, ಅಷ್ಟೇ. ಇಳಿಯುವುದು ಪೂರ್ತಿ 4 ಎಂಬಿಯೇ. ಒಟ್ಟು 32 ಎಂಬಿ. ಸೆಕೆಂಡಿಗೆ 4 ಮೆಗಾಬಿಟ್ ಸಿಗುವ ಮೊಬೈಲ್ ಸಂಪರ್ಕದಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು. ಫೋಟೊದ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಜೆಪಿಜಿ ಗುಣಮಟ್ಟವನ್ನು 75ರ ಆಸುಪಾಸಿನಲ್ಲಿಟ್ಟು ಉಳಿಸಿದರೆ ಒಂದೊಂದು ಸಾಮಾನ್ಯವಾಗಿ 150ರಿಂದ 300 ಕೆಬಿ ಆಗುತ್ತದೆ, ತೋಪು ತೆನೆ ಸೆರಗಿನ ಹಲ್ಲುಗಳು ಆಗಲೂ ಸ್ಪಷ್ಟವಾಗಿ ಕಾಣುತ್ತವೆ.

ಮೊಬೈಲಿನಲ್ಲಿ ಇಡೀ ಪುಟ ಅಂಚೆಚೀಟಿಯಷ್ಟು ಚಿಕ್ಕದಾಗಿ ಕಂಡದ್ದಕ್ಕೆ, ಪುಟವನ್ನು ತೆರೆಯ ಅಗಲಕ್ಕೆ ಜೋಡಿಸು ಎಂದು ಬ್ರೌಸರಿಗೆ ಹೇಳುವ ವ್ಯೂಪೋರ್ಟ್ ಸಾಲು ಇಲ್ಲದ್ದು ಕಾರಣ. ಆ ಸಾಲು ಇಲ್ಲದಿದ್ದರೆ ಮೊಬೈಲ್ ಬ್ರೌಸರ್‌ಗಳು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ ಕಂಪ್ಯೂಟರ್ ತೆರೆ ಎಂದುಕೊಂಡು ಜೋಡಿಸಿ, ಆಮೇಲೆ ಕುಗ್ಗಿಸುತ್ತವೆ. ಸಾಲು ಸೇರಿಸಿದ ಮೇಲೂ ಪುಟ ಸರಿಹೋಗಲಿಲ್ಲ. ಇಡೀ ವಿನ್ಯಾಸ 1200 ಪಿಕ್ಸೆಲ್ ಅಗಲದ ಟೇಬಲ್ಲಿನೊಳಗಿತ್ತು, ಈಗ ಅಡ್ಡಕ್ಕೆ ಸರಿಸಿ ಸರಿಸಿ ಓದಬೇಕಾಯಿತು. ತೆರೆಯ ಅಗಲಕ್ಕೆ ಪುಟ ಹೊಂದಿಕೊಳ್ಳಬೇಕು ಎಂಬ ವಿಚಾರವನ್ನು ಈಥನ್ ಮಾರ್ಕೋಟ್ ರೆಸ್ಪಾನ್ಸಿವ್ ವೆಬ್ ಡಿಸೈನ್ ಎಂಬ ಹೆಸರಿನಲ್ಲಿ ಮುಂದಿಟ್ಟದ್ದು 2010ರಲ್ಲಿ. ನಮ್ಮ ಓದುಗರಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದು ಮೊಬೈಲೇ ಆದ್ದರಿಂದ ಇದನ್ನು ಕೊನೆಯ ಯೂನಿಟ್ಟಿಗೆ ತಳ್ಳಿ, ಸಮಯ ಸಾಲದೆ ಬಿಡುವುದು ಸರಿಯಲ್ಲ.

ಸಂಪರ್ಕ ಪುಟದಲ್ಲಿ ಹೆಸರು, ಮೊಬೈಲ್ ನಂಬರ್ ತುಂಬುವ ಫಾರ್ಮ್ ಇತ್ತು, ಕೆಳಗೆ ಸಬ್ಮಿಟ್ ಬಟನ್. ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಎಚ್‌ಟಿಎಂಎಲ್ ಒಂದರಿಂದಲೇ ಯಾರಿಗೂ ಮಾಹಿತಿ ತಲುಪುವುದಿಲ್ಲ, ಸ್ವೀಕರಿಸಲು ಸರ್ವರ್ ಕಡೆ ಒಂದು ಪ್ರೋಗ್ರಾಂ ಬೇಕು. ಹುಡುಗಿಯರು ಅದು ಹೋಗುತ್ತಿದೆ ಎಂದೇ ನಂಬಿದ್ದರು.

ದೋಷಗಳ ಮೂರು ರಾಶಿ

ಇಲ್ಲಿಂದ ಮುಂದೆ ಚರ್ಚೆ "ಹುಡುಗಿಯರ ತಪ್ಪೋ, ಮೇಡಂ ತಪ್ಪೋ" ಎಂದು ಎಳೆದಾಡುವ ಬದಲು ಮುಖ್ಯಸ್ಥರು ಬೋರ್ಡಿನ ಮೇಲೆ ಮೂರು ಅಂಕಣ ಎಳೆದರು. ಕಲಿಸಿ, ಕೇಳಿದ್ದು ಒಂದು. ಕಲಿಸಿ, ಕೇಳದೆ ಬಿಟ್ಟದ್ದು ಇನ್ನೊಂದು. ಕಲಿಸದೆಯೂ ಕೇಳದೆಯೂ ಅಂಕ ಕಳೆದದ್ದು ಮೂರನೆಯದು.

ಲಿಂಕ್‌ಗಳು ಮೊದಲ ರಾಶಿಗೆ ಬಂದವು. ಇತಿಹಾಸದ ಪುಟದಿಂದ ಮುಖಪುಟಕ್ಕೆ ಮರಳುವ ಲಿಂಕೇ ಇರಲಿಲ್ಲ, ಇದಕ್ಕೆ ಅಂಕ ಹೋದದ್ದು ನ್ಯಾಯ. ಚಾರ್‌ಸೆಟ್, ಚಿತ್ರಗಳ ಆಲ್ಟ್ ಪಠ್ಯ (ಚಿತ್ರ ಕಾಣದವರಿಗೆ ಅದನ್ನು ವಿವರಿಸುವ ಮಾತು), ಹೆಡಿಂಗ್‌ಗಳ ಕ್ರಮ, ಇವು ಪಾಠದಲ್ಲಿ ಬಂದಿದ್ದವು, ಸೂಚನೆಯಲ್ಲಿ ಇರಲಿಲ್ಲ. ದೊಡ್ಡಕ್ಷರ-ಸಣ್ಣಕ್ಷರ, ಫೋಟೊದ ತೂಕ, ನುಡಿ ಮತ್ತು ಯುನಿಕೋಡಿನ ವ್ಯತ್ಯಾಸ ಮೂರನೆಯ ರಾಶಿ. ಸರ್ವರ್‌ಗೆ ಹಾಕಿ ಎಂದಿದ್ದರೂ ಫೈಲ್‌ಜಿಲ್ಲಾ ಎಂಬ ತಂತ್ರಾಂಶ ಬಳಸಿ ಅಪ್‌ಲೋಡ್ ಮಾಡುವುದನ್ನು ತೋರಿಸಿದ್ದು ಕೊನೆಯ ವಾರದಲ್ಲಿ, ಅದೂ ಒಂದು ಸಲ.

ಮಾರ್ಕ್ಯೂ ಯಾವ ರಾಶಿಗೂ ಸೇರಲಿಲ್ಲ. ಅದನ್ನು ಮ್ಯಾನ್ಯುಯಲ್ ಕಲಿಸಿತ್ತು, ಸೂಚನೆ "ಎಲ್ಲ ಟ್ಯಾಗ್" ಎಂದು ಕೇಳಿತ್ತು, ಮೌಲ್ಯಮಾಪನದಲ್ಲಿ ಅದನ್ನು ಬಳಸಿದ್ದಕ್ಕೆ 2 ಅಂಕ ಕಳೆದಿತ್ತು. ಹುಡುಗಿಯರ ದೂರಿನಲ್ಲಿ ಅತ್ಯಂತ ಗಟ್ಟಿ ಅಂಶ ಇದೇ.

ಸಮಯದ ಲೆಕ್ಕವೂ ಇಲ್ಲೇ ಬರಬೇಕು. ವಾರಕ್ಕೆ 4 ಗಂಟೆ ಲ್ಯಾಬ್, 15 ವಾರ. ಕಾಗದದ ಮೇಲೆ 60 ಗಂಟೆ. ಎರಡು ಟೆಸ್ಟ್, ಹಬ್ಬದ ರಜೆ, ಕರೆಂಟ್ ಹೋದ ದಿನ, ಪ್ರಾಕ್ಟಿಕಲ್ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವ ದಿನ ಕಳೆದರೆ 45 ಉಳಿದರೆ ಹೆಚ್ಚು. ಒಂದು ಸಿಸ್ಟಮ್ಮಿಗೆ ಇಬ್ಬರು, ಅಂದರೆ ಒಬ್ಬರ ಬೆರಳು ಕೀಬೋರ್ಡಿನ ಮೇಲೆ ಇರುವುದು 22 ಗಂಟೆಯ ಆಸುಪಾಸು. ಮನೆಯಲ್ಲಿ ಮಾಡಿಕೊಂಡು ಬನ್ನಿ ಎನ್ನಲು ಹಲವರ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ. ಈ 22 ಗಂಟೆಯಲ್ಲಿ ಐದು ಪುಟ, ಚಲನೆ, ಫಾರ್ಮ್, ಜಾವಾಸ್ಕ್ರಿಪ್ಟ್ ಎಲ್ಲ ಕೇಳಿದರೆ ಸಿಗುವುದು ಇಂಟರ್ನೆಟ್ಟಿನಿಂದ ಎತ್ತಿ ತಂದ ಟೆಂಪ್ಲೇಟ್. ಮೂರು ಪುಟ ಸಾಕು, ಆದರೆ ಮೂರೂ ಯಾವ ಯಂತ್ರದಲ್ಲಾದರೂ ತೆರೆಯಬೇಕು ಎಂದು ಕೇಳುವುದು ಹೆಚ್ಚು ಕಠಿಣವೂ ಹೌದು, ಹೆಚ್ಚು ನ್ಯಾಯವೂ ಹೌದು.

ಹೊಸ ಸೂಚನೆ

ತಿದ್ದಿದ ಸೂಚನೆ ಒಂದು ಹಾಳೆಗಿಂತ ಸ್ವಲ್ಪ ಹೆಚ್ಚಾಯಿತು. ಅದರಲ್ಲಿ ಮೊದಲು ಬರುವುದು ವಿಷಯವಲ್ಲ, ಫೋಲ್ಡರ್. ಪ್ರಾಜೆಕ್ಟಿಗೆ ಒಂದೇ ಫೋಲ್ಡರ್. ಒಳಗೆ ಮೂರು ಎಚ್‌ಟಿಎಂಎಲ್ ಫೈಲು, ಒಂದು ಸಿಎಸ್‌ಎಸ್ ಫೈಲು, ಚಿತ್ರಗಳಿಗೆ ಒಂದು ಉಪಫೋಲ್ಡರ್. ಹೆಸರುಗಳೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಖಾಲಿ ಜಾಗವಿಲ್ಲದೆ, ಬೇಕಿದ್ದರೆ ಅಡ್ಡಗೆರೆ. ವಿಂಡೋಸ್‌ನಲ್ಲಿ ಫೈಲಿನ ಬಾಲದ ಹೆಸರನ್ನು ತೋರಿಸುವ ಆಯ್ಕೆ ಆನ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ನೋಟ್‌ಪ್ಯಾಡ್ ಹಿಂದೆ ಟಿಎಕ್ಸ್‌ಟಿ ಅಂಟಿಸಿದ್ದು ಕಣ್ಣಿಗೆ ಬೀಳುವುದಿಲ್ಲ, ಬ್ರೌಸರ್ ಪುಟದ ಬದಲು ಕೋಡನ್ನೇ ತೋರಿಸುತ್ತದೆ.

ಎರಡನೆಯದು ಅಪ್‌ಲೋಡ್. ಇದನ್ನು ಕೊನೆಯ ವಾರದಿಂದ ಎರಡನೆಯ ವಾರಕ್ಕೆ ತಂದರು. ಹೆಸರು, ರಿಜಿಸ್ಟರ್ ನಂಬರ್, ಕನ್ನಡದ ಒಂದು ವಾಕ್ಯ, ಒಂದು ಚಿತ್ರ: ಇಷ್ಟೇ ಇರುವ ಪುಟ ಸರ್ವರ್‌ಗೆ ಹೋಗಬೇಕು, ಪಕ್ಕದವರ ಮೊಬೈಲಿನಲ್ಲಿ ತೆರೆಯಬೇಕು. ಅಂಕವಿಲ್ಲ, ಆದರೆ ಇದು ಆಗದೆ ಮುಂದಿನ ಲ್ಯಾಬ್ ಪ್ರೋಗ್ರಾಂಗೆ ಸಹಿ ಇಲ್ಲ. ಮೇಲೆ ಹೇಳಿದ ದೋಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಪುಟ್ಟ ಪುಟದಲ್ಲೇ ಸಿಕ್ಕಿಬೀಳುತ್ತವೆ, ಆಗ ಕಳೆದುಕೊಳ್ಳಲು ಏನೂ ಇರುವುದಿಲ್ಲ. ತೆರೆಯುವುದಕ್ಕೆ ಅಂಕ ಕೊಡಬೇಕೆಂಬ ವಾದವೂ ಬಂತು. ಬೇಡವೆಂದದ್ದು ಒಳ್ಳೆಯದಾಯಿತು. ಅಂಕವಿಟ್ಟರೆ ಕೆಲವರು ಆ ಅಂಕ ಬಿಟ್ಟು ತೆರೆಯದ ಸೈಟನ್ನೇ ಒಪ್ಪಿಸುತ್ತಾರೆ. ಬಾಗಿಲು ದಾಟಿದ ಮೇಲೇ ಲೆಕ್ಕ ಶುರು, ಕೊನೆಯ ದಿನದ ತನಕ ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು ಎಂದು ಬರೆದರೆ ಗೊಂದಲವಿಲ್ಲ.

ಪಠ್ಯವನ್ನು ಎಲ್ಲಿ ಟೈಪ್ ಮಾಡಬೇಕು ಎಂಬುದಕ್ಕೆ ಸಿಕ್ಕ ಉತ್ತರ ಸರಳ: ಮನೆಯಲ್ಲಿ, ಮೊಬೈಲಿನಲ್ಲಿ. ಜಿಬೋರ್ಡ್‌ನಂಥ ಕೀಬೋರ್ಡಿನಲ್ಲಿ ಒತ್ತಿದ ಕನ್ನಡ ಯುನಿಕೋಡೇ ಆಗಿರುತ್ತದೆ. ಅದನ್ನು ತಮಗೇ ಮೇಲ್ ಮಾಡಿಕೊಂಡು ಲ್ಯಾಬಿನಲ್ಲಿ ಅಂಟಿಸಿದರೆ ಡಿಟಿಪಿ ಅಂಗಡಿಯ ಖರ್ಚೂ ಇಲ್ಲ, ಪರಿವರ್ತಕದ ತಾಪತ್ರಯವೂ ಇಲ್ಲ. ಪುಟದ ನಕ್ಷೆಯನ್ನೂ ಮನೆಯಲ್ಲೇ ಕಾಗದದ ಮೇಲೆ ಬರೆದು ತರಬೇಕು: ಮೊಬೈಲಿಗೆ ಒಂದು, ಕಂಪ್ಯೂಟರಿಗೆ ಒಂದು. ಲ್ಯಾಬಿನ ಗಂಟೆಗಳು ಕೋಡಿಗೆ ಮಾತ್ರ.

ಕನ್ನಡ ಪುಟಗಳಿಗೆ ಬೇರೆಯಾಗಿ ನಾಲ್ಕು ಮಾತು ಸೇರಿಸಿದರು. ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಇವು ಸಾಮಾನ್ಯವಾಗಿ ಸಿಗುವುದಿಲ್ಲ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆಯನ್ನು ಕನ್ನಡ ಎಂದು ನಮೂದಿಸಬೇಕು, ಇಲ್ಲದಿದ್ದರೆ ಪುಟವನ್ನು ಓದಿ ಹೇಳುವ ತಂತ್ರಾಂಶ ಬೇರೆ ಭಾಷೆಯ ದನಿಯಲ್ಲಿ ಎಡವಬಹುದು. ಸಾಲಿನ ಎತ್ತರ 1.6ರಿಂದ 1.8ರಷ್ಟು ಇರಬೇಕು. ಇಂಗ್ಲಿಷಿಗೆ ಸಾಕಾಗುವ 1.2 ಇಟ್ಟರೆ "ರಾಷ್ಟ್ರ", "ವಸ್ತ್ರ"ಗಳಂಥ ಪದಗಳ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಎತ್ತರ ಕಟ್ಟಿಟ್ಟ ಡಬ್ಬಿಯೊಳಗಿನ ಹೆಡಿಂಗ್ ಆದರೆ ಕೆಳಗೆ ಕತ್ತರಿಸಿಯೇ ಹೋಗುತ್ತದೆ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಕೊಟ್ಟು, ಅದು ಸಿಗದಿದ್ದರೆ ಯಂತ್ರದ ಸಾಮಾನ್ಯ ಫಾಂಟಿಗೆ ಬಿಡಬೇಕು. ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಒತ್ತಿನ ಒಳವಿವರ ಅದಕ್ಕಿಂತ ಚಿಕ್ಕದರಲ್ಲಿ ಮಸಕಾಗುತ್ತದೆ.

ಬಣ್ಣದ ಬಗ್ಗೆ "ಕಣ್ಣಿಗೆ ಹಿತವಾಗಿರಲಿ" ಎಂದು ಬರೆಯದೆ ಅಳತೆ ಕೊಟ್ಟರು. ವೆಬ್ ಪ್ರವೇಶಸಾಧ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಎ ಮಟ್ಟದ ಪ್ರಕಾರ ಸಾಮಾನ್ಯ ಗಾತ್ರದ ಪಠ್ಯಕ್ಕೂ ಹಿನ್ನೆಲೆಗೂ ಕಾಂತಿಯ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಬಿಳಿಯ ಮೇಲೆ 999999 ಸಂಖ್ಯೆಯ ಬೂದು ಬಣ್ಣ 3ನ್ನೂ ಮುಟ್ಟುವುದಿಲ್ಲ. 777777 ಕೂದಲೆಳೆಯಲ್ಲಿ ಸೋಲುತ್ತದೆ, 767676 ಗೆಲ್ಲುತ್ತದೆ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಬಣ್ಣದ ಚೌಕ ಒತ್ತಿದರೆ ಅನುಪಾತ ಅಲ್ಲೇ ಕಾಣುತ್ತದೆ, ಹಾಗಾಗಿ ಅಭಿಪ್ರಾಯಭೇದಕ್ಕೆ ಎಡೆಯಿಲ್ಲ. ಇಳಕಲ್ ಸೈಟಿನವರು ಸೆರಗಿನ ಗಾಢ ಕೆಂಪಿನ ಮೇಲೆ ಬಿಳಿ ಅಕ್ಷರ ಹಾಕಿದ್ದರು. ಅದು ಸಲೀಸಾಗಿ ಪಾಸಾಯಿತು. ಅವರ ಸಲ್ಲಿಕೆಯಲ್ಲಿ ನಿಜವಾಗಿಯೂ ಚೆನ್ನಾಗಿದ್ದ ನಿರ್ಧಾರ ಅದು, 9 ಅಂಕದ ಲೆಕ್ಕದಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

ಆಲ್ಟ್ ಪಠ್ಯಕ್ಕೂ ಒಂದು ಮಾದರಿ ಕೊಟ್ಟರು. "ಚಿತ್ರ 1" ಎಂದರೆ ಶೂನ್ಯ. "ಇಳಕಲ್ ಸೀರೆ" ಎಂದರೆ ಅರ್ಧ, ಯಾಕೆಂದರೆ ಪುಟದ ಎಲ್ಲ ಚಿತ್ರವೂ ಅದೇ. "ಕೆಂಪು ಸೆರಗಿನ ಮೇಲೆ ಬಿಳಿ ಹಲ್ಲಿನಾಕಾರದ ತೋಪು ತೆನೆ" ಎಂದರೆ ಪೂರ್ತಿ ಅಂಕ. ನೇಯ್ಗೆಯ ಪುಟದಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಸೇರಿಸುವ ಚಿತ್ರವಿತ್ತು. ಅದರ ಕೆಳಗೆ ಏನು ನಡೆಯುತ್ತಿದೆ ಎಂದು ಬರೆಯದಿದ್ದರೆ ನೋಡುವವರಿಗೂ ತಿಳಿಯುವುದಿಲ್ಲ. ಬೇರೆಯವರ ಚಿತ್ರವಾದರೆ, ವಿಕಿಮೀಡಿಯ ಕಾಮನ್ಸ್‌ನದ್ದಾದರೂ, ತೆಗೆದವರ ಹೆಸರು ಮತ್ತು ಪರವಾನಗಿ ಚಿತ್ರದ ಕೆಳಗೇ ಬರಬೇಕು. "ಗೂಗಲ್‌ನಿಂದ" ಎಂಬುದು ಯಾರ ಹೆಸರೂ ಅಲ್ಲ.

ಕೇಳದಿರುವುದನ್ನೂ ಸೂಚನೆಯಲ್ಲಿ ಬರೆದದ್ದು ಉಪಯೋಗಕ್ಕೆ ಬಂತು: ಜಾವಾಸ್ಕ್ರಿಪ್ಟ್ ಬೇಡ, ಚಲಿಸುವ ಪಠ್ಯ ಬೇಡ, ಎಲ್ಲಿಗೂ ಹೋಗದ ಫಾರ್ಮ್ ಬೇಡ, ಟೇಬಲ್ ಇದ್ದರೆ ಅದು ಕೋಷ್ಟಕಕ್ಕೆ ಮಾತ್ರ.

ಅಂಕಗಳ ಹಂಚಿಕೆ ಹೀಗೆ ನಿಂತಿತು. ಎಚ್‌ಟಿಎಂಎಲ್ ರಚನೆ, ಹೆಡಿಂಗ್‌ಗಳ ಕ್ರಮ ಮತ್ತು ಆಲ್ಟ್ ಪಠ್ಯಕ್ಕೆ 7. ಸಿಎಸ್‌ಎಸ್‌ಗೆ 5. ಮೊಬೈಲಿನಲ್ಲಿ ಅಡ್ಡ ಸರಿಸದೆ ಓದಲು ಬರುವುದಕ್ಕೆ 4. ಪಠ್ಯದ ಗುಣ ಮತ್ತು ಕನ್ನಡದ ಶುದ್ಧತೆಗೆ 3. ವೈವಾಕ್ಕೆ 6. ಎಚ್‌ಟಿಎಂಎಲ್ ಸರಿಯಿದೆಯೇ ಎಂದು ನೋಡಲು ಡಬ್ಲ್ಯು3ಸಿ ವ್ಯಾಲಿಡೇಟರ್ ಸಾಕು. ಅದರಲ್ಲಿ ದೋಷ ಸೊನ್ನೆಯಾಗಲೇಬೇಕು ಎಂಬ ಹಟ ಬೇಡ. ಉಳಿದ ಪ್ರತಿ ದೋಷಕ್ಕೂ ವಿದ್ಯಾರ್ಥಿ ಕಾರಣ ಹೇಳಬಲ್ಲರೇ ಎಂದು ನೋಡಿದರೆ ಸಾಕು.

ವೈವಾಕ್ಕೆ 6 ಇಟ್ಟದ್ದು ಚಾಟ್‌ಜಿಪಿಟಿಯ ಕಾರಣಕ್ಕೆ. ಇಳಕಲ್ ಸೈಟಿನ ಸಿಎಸ್‌ಎಸ್ ಫೈಲಿನಲ್ಲಿ ಪುಟದಲ್ಲಿ ಇಲ್ಲವೇ ಇಲ್ಲದ ಭಾಗಗಳಿಗೆ ಬರೆದ ನಿಯಮಗಳಿದ್ದವು. ಟೇಬಲ್ಲಿನಲ್ಲಿ ಕಟ್ಟಿದ ಪುಟಕ್ಕೆ ಗ್ರಿಡ್ ವಿನ್ಯಾಸದ ಕೋಡು. ಎಲ್ಲಿಂದಲೋ ಬಂದದ್ದು ಎಂದು ತಿಳಿಯಲು ಪತ್ತೇದಾರಿ ಬೇಕಿಲ್ಲ. ಆದರೆ ಬಳಸಬೇಡಿ ಎಂಬ ನಿಷೇಧ ನಿಲ್ಲುವುದಿಲ್ಲ, ಮೊಬೈಲಿನಲ್ಲೇ ಇರುವ ಸಾಧನ ಅದು. ಹಾಗಾಗಿ ಸೂಚನೆ ಹೀಗಿದೆ: ಸಹಾಯ ಪಡೆಯಬಹುದು, ಎಲ್ಲಿ ಪಡೆದಿರಿ ಎಂದು ಕೋಡಿನಲ್ಲೇ ಕಾಮೆಂಟಾಗಿ ಬರೆಯಬೇಕು. ವೈವಾದಲ್ಲಿ ಐದು ನಿಮಿಷ ಕೊಟ್ಟು ಒಂದು ಬದಲಾವಣೆ ಮಾಡಲು ಹೇಳಲಾಗುತ್ತದೆ. ಮೆನುವಿನ ಬಣ್ಣ ಬದಲಿಸು, ಎರಡನೆಯ ಚಿತ್ರದ ಕೆಳಗೆ ಶೀರ್ಷಿಕೆ ಸೇರಿಸು, ಮೊಬೈಲಿನಲ್ಲಿ ಈ ಎರಡು ಡಬ್ಬಿ ಒಂದರ ಕೆಳಗೊಂದು ಬರಲಿ, ಇಂಥವು. ಇಬ್ಬರ ತಂಡದಲ್ಲಿ ಯಾರನ್ನು ಕೇಳುತ್ತಾರೆಂದು ಮೊದಲೇ ಹೇಳುವುದಿಲ್ಲ, ಅಂಕ ಇಬ್ಬರಿಗೂ ಬೇರೆ ಬೇರೆ. ತಾನೇ ಬರೆದವರಿಗೆ ಬಣ್ಣ ಬದಲಿಸಲು ಅರ್ಧ ನಿಮಿಷ ಸಾಕು. ಉಳಿದವರು ಯಾವ ಫೈಲು ತೆರೆಯಬೇಕು ಎಂದೇ ತಡಕಾಡುತ್ತಾರೆ.

9 ಅಂಕದ ಗತಿ

ಹಳೆಯ ಅಂಕವನ್ನು ಸುಮ್ಮನೆ ಏರಿಸಿ ತಕರಾರು ಮುಗಿಸುವ ದಾರಿಯೂ ಇತ್ತು. ಹಾಗೆ ಮಾಡಲಿಲ್ಲ, ಏಕೆಂದರೆ ದೂರು ಕೊಡದೆ ಸುಮ್ಮನಿದ್ದ ಉಳಿದ ತಂಡಗಳ ಸೈಟುಗಳಲ್ಲೂ ಇದೇ ದೋಷಗಳಿದ್ದವು. ಇಡೀ ತರಗತಿಗೆ ಒಂದು ವಾರ ಕೊಟ್ಟು ಮರುಸಲ್ಲಿಕೆಗೆ ಅವಕಾಶವಾಯಿತು. ಮೂರನೆಯ ರಾಶಿಯ ದೋಷಗಳಿಗೆ ಕಳೆದ ಅಂಕ ಎಲ್ಲರಿಗೂ ಮರಳಿತು, ಮಾರ್ಕ್ಯೂ ಬಳಸಿದ್ದಕ್ಕೆ ಹೋದದ್ದೂ ಮರಳಿತು. ಎರಡನೆಯ ರಾಶಿಯದ್ದು ತಿದ್ದಿದರೆ ಮಾತ್ರ ವಾಪಸ್. ಮೊದಲ ರಾಶಿಯದ್ದು ಹೋದದ್ದೇ.

ಇಳಕಲ್ ತಂಡದವರು ಫೈಲುಗಳ ಹೆಸರು, ಚಿತ್ರಗಳ ವಿಳಾಸ, ಚಾರ್‌ಸೆಟ್ ಇಷ್ಟನ್ನು ಒಂದೇ ಲ್ಯಾಬ್ ಅವಧಿಯಲ್ಲಿ ಸರಿಮಾಡಿದರು. ಇತಿಹಾಸದ ಪುಟ ಪರಿವರ್ತಕದಿಂದ ಹೊರಬಂದಾಗ "ವರ್ಷ", "ಕಾರ್ಮಿಕ" ಪದಗಳು ಮುರಿದಿದ್ದವು; ಅವನ್ನು ಕೈಯಿಂದ ತಿದ್ದಲು ಇನ್ನೊಂದು ಅವಧಿ ಹಿಡಿಯಿತು. ಸಂಪರ್ಕ ಪುಟವನ್ನು ಫಾರ್ಮ್ ಇಲ್ಲದೆ ಹೊಸದಾಗಿ ಬರೆದರು. ಗ್ಯಾಲರಿ 32 ಎಂಬಿಯಿಂದ 2 ಎಂಬಿಗಿಂತ ಕೆಳಗೆ ಬಂತು. ಟೇಬಲ್ ವಿನ್ಯಾಸ ಕಿತ್ತು ಹಾಕಲು ಸಮಯ ಸಾಲಲಿಲ್ಲ, ಮೊಬೈಲಿನಲ್ಲಿ ನೇಯ್ಗೆಯ ಪುಟವನ್ನು ಈಗಲೂ ಅಡ್ಡ ಸರಿಸಿಯೇ ಓದಬೇಕು. ಮರುಮೌಲ್ಯಮಾಪನದಲ್ಲಿ ಬಂದದ್ದು 18.

ಲ್ಯಾಬ್ ಮ್ಯಾನ್ಯುಯಲ್ ವಿಭಾಗದ ಕೈಯಲ್ಲಿಲ್ಲ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಾರ್ಕ್ಯೂ ಪ್ರೋಗ್ರಾಂ ಬಂದೀತು. ಅದಕ್ಕೆ ಹೊಸ ಸೂಚನೆಯ ಕೊನೆಯಲ್ಲಿ ಒಂದು ಸಾಲು ಸೇರಿದೆ: ಪರೀಕ್ಷೆಯಲ್ಲಿ ಕೇಳಿದರೆ ಬರೆಯಿರಿ, ಪ್ರಾಜೆಕ್ಟಿನಲ್ಲಿ ಬಳಸಬೇಡಿ.